ಕ್ಷೌರದ ಕತ್ತಿಗೆ ಎಷ್ಟು ಹೆಸರು: ಎಡದೊರೆ ನಾಡಿನಿಂದ ಒಂದು ಸಮೀಕ್ಷೆ

ಸಿಂಧನೂರು ತಾಲೂಕಿನಲ್ಲಿ ಗಡ್ಡ ಹೆರೆಯುವ ಕತ್ತಿಗೆ ಒಂದೇ ಹೆಸರಿಲ್ಲ. ಕನ್ನಡದ ಹಳೆಯ ಊರುಗಳಲ್ಲಿ ಅದು ಕ್ಷೌರದ ಕತ್ತಿ, ಬಾಯಿಮಾತಿನಲ್ಲಿ ಚೌರದ ಕತ್ತಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಬಂದು ನೆಲೆಸಿದ ತೆಲುಗರ ಕ್ಯಾಂಪುಗಳಲ್ಲಿ ಮಂಗಲಿ ಕತ್ತಿ. ಉರ್ದು ಆಡುವ ಮನೆಗಳಲ್ಲಿ ಉಸ್ತರಾ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ನಿರಾಶ್ರಿತರಿಗೆ ಪುನರ್ವಸತಿ ಕಲ್ಪಿಸಿದ ಆರ್.ಎಚ್. ಕ್ಯಾಂಪುಗಳಲ್ಲಿ ಖುರ್. ಒಂದೇ ತಾಲೂಕು, ಅಂಗೈಯಷ್ಟುದ್ದದ ಒಂದೇ ಸಾಧನ, ನಾಲ್ಕು ಭಾಷೆ.

ಈ ನಾಲ್ಕು ಮಾತುಗಳ ಹಿಂದೆ ದೊಡ್ಡ ಚರಿತ್ರೆಯಿದೆ, ಮುಗಿಯದ ಜಗಳವೂ ಇದೆ. ಕತ್ತಿ ಎಷ್ಟು ಹಳೆಯದು, ಅದರ ಹೆಸರು ಎಲ್ಲಿಂದ ಬಂತು ಎಂಬುದು ಪುರಾತತ್ತ್ವ ಮತ್ತು ಭಾಷಾಶಾಸ್ತ್ರ ಬಲ್ಲವರ ಪ್ರಶ್ನೆ. ಅದನ್ನು ಹಿಡಿದವರನ್ನು ಏನೆಂದು ಕರೆಯಬೇಕು, ಅವರು ಯಾರ ತಲೆ ಮುಟ್ಟುತ್ತಾರೆ, ಯಾರದನ್ನು ಮುಟ್ಟುವುದಿಲ್ಲ ಎಂಬುದು ಇವತ್ತಿನ ಹಳ್ಳಿಯ ಪ್ರಶ್ನೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ಒಟ್ಟಿಗೆ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ: ಕತ್ತಿಗೆ ಬೇಕಾದಷ್ಟು ಹೆಸರುಗಳಿವೆ, ಆದರೆ ಅದನ್ನು ಹಿಡಿದವರಿಗೆ ನಮ್ಮ ಭಾಷೆಗಳು ಕೊಟ್ಟ ಹೆಸರುಗಳಲ್ಲಿ ಹೆಚ್ಚಿನವು ಕತ್ತಿಯನ್ನು ಬಿಟ್ಟು ಬೇರೇನನ್ನೋ ಹೇಳುತ್ತವೆ. ಈ ಲೇಖನದ ಎಳೆ ಅದು.

ಕಲ್ಲಿನ ಅಲಗು, ಕಬ್ಬಿಣದ ಅಲಗು

ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ಈ ಎಡದೊರೆ ನಾಡು ಅಲಗುಗಳ ಮಟ್ಟಿಗೆ ಬಹಳ ಹಳೆಯ ನೆಲ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ 1952ರಲ್ಲಿ ಎಫ್. ಆರ್. ಆಲ್ಚಿನ್ ಉತ್ಖನನ ನಡೆಸಿದರು, 1960ರಲ್ಲಿ ಅದರ ವರದಿ ಬಂತು. ನವಶಿಲಾಯುಗದ ದನಗಾಹಿಗಳ ಬದುಕು ಅಲ್ಲಿ ಹೊರಬಿತ್ತು. 1954ರಲ್ಲಿ ಬಿ. ಕೆ. ಥಾಪರ್ ಮಸ್ಕಿಯನ್ನು ಅಗೆದರು. ಕೆಳಗಿನ ಪದರದಲ್ಲಿ ಚರ್ಟ್, ಅಗೇಟ್, ಕಾರ್ನೀಲಿಯನ್ ಮುಂತಾದ ಕಲ್ಲುಗಳಿಂದ ಸೀಳಿ ತೆಗೆದ, ಎರಡೂ ಅಂಚು ಸಮನಾಗಿರುವ ತೆಳುವಾದ ಉದ್ದನೆಯ ಅಲಗುಗಳು ಸಿಕ್ಕವು. ಅದರ ಮೇಲಿನ, ಬೃಹತ್ ಶಿಲಾಸಮಾಧಿಗಳ ಕಾಲದ ಪದರಕ್ಕೆ ಬಂದಾಗ ಕಬ್ಬಿಣ ಕಾಣಿಸಿಕೊಂಡಿತು.

ಆ ಕಲ್ಲಲಗುಗಳಿಂದ ಏನು ಮಾಡುತ್ತಿದ್ದರು? ಒಂದು ಅಭಿಪ್ರಾಯದಂತೆ ಅವು ಮರ ಅಥವಾ ಮೂಳೆಯ ಹಿಡಿಕೆಗೆ ಸಾಲಾಗಿ ಕೂಡಿಸುತ್ತಿದ್ದ ಕುಡುಗೋಲಿನ ಹಲ್ಲುಗಳು. ಇನ್ನೊಂದರಂತೆ ಚರ್ಮ ಕೊಯ್ಯುವ, ಮಾಂಸ ಹಚ್ಚುವ ಸಾಮಾನ್ಯ ಸಾಧನಗಳು. ಅವುಗಳಲ್ಲಿ ಕೆಲವಾದರೂ ಕೂದಲು ತೆಗೆಯುವುದಕ್ಕೆ ಬಳಕೆಯಾಗಿರಬಹುದು ಎಂಬುದು ಮೂರನೆಯದು. ಮೂರನೆಯದನ್ನು ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಮೆಕ್ಸಿಕೋದ ಅಜ್ಟೆಕ್ ಜನ ಆಬ್ಸಿಡಿಯನ್ ಎಂಬ ಜ್ವಾಲಾಮುಖಿ ಗಾಜಿನ ಅಲಗುಗಳಿಂದ ಕ್ಷೌರ ಮಾಡುತ್ತಿದ್ದುದನ್ನು ಸ್ಪೇನಿನವರು ಕಣ್ಣಾರೆ ಕಂಡು ಬರೆದಿದ್ದಾರೆ. ಆದರೆ ಚರ್ಟ್ ಆಬ್ಸಿಡಿಯನ್‌ನಷ್ಟು ಹರಿತವಲ್ಲ. ಇನ್ನೊಂದು ತೊಡಕೂ ಇದೆ. ಹುಲ್ಲು, ತೆನೆ ಕೊಯ್ದ ಕಲ್ಲಿನ ಅಂಚಿಗೆ ಸಸ್ಯದಲ್ಲಿರುವ ಸಿಲಿಕಾದಿಂದ ಒಂದು ಬಗೆಯ ಮೆರುಗು ಬರುತ್ತದೆ, ಅದನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಬಹುದು. ನೀರು ಹಚ್ಚಿ ಮೆತ್ತಗಾದ ಕೂದಲು ಅಂಥ ಗುರುತನ್ನು ಅಷ್ಟು ಸುಲಭವಾಗಿ ಉಳಿಸುವುದಿಲ್ಲ. ಹಾಗಾಗಿ ಕುಡುಗೋಲಿಗೆ ಸಾಕ್ಷಿ ಸಿಕ್ಕಷ್ಟು ಸುಲಭವಾಗಿ ಕ್ಷೌರದ ಅಲಗಿಗೆ ಸಾಕ್ಷಿ ಸಿಗುವುದಿಲ್ಲ.

ಸಿಂಧೂ ಕಣಿವೆಯಲ್ಲಿ ಮಾತ್ರ ಅನುಮಾನಕ್ಕೆ ಎಡೆಯಿಲ್ಲ. ಮೊಹೆಂಜೊದಾರೊದ ತಾಮ್ರ ಮತ್ತು ಕಂಚಿನ ಕ್ಷೌರದ ಅಲಗುಗಳನ್ನು ಅರ್ನೆಸ್ಟ್ ಮ್ಯಾಕೆ ಆಕಾರದ ಮೇಲೆ ವಿಂಗಡಿಸಿ ವಿವರಿಸಿದ್ದಾರೆ. ಅಲ್ಲಿನ ಹೆಸರಾಂತ ‘ಪುರೋಹಿತ ದೊರೆ’ಯ ವಿಗ್ರಹಕ್ಕೆ ಗಡ್ಡವಿದೆ, ಮೇಲ್ತುಟಿ ಮಾತ್ರ ನುಣ್ಣಗೆ ಬೋಳಾಗಿದೆ.

ನಮ್ಮ ನೆಲದಲ್ಲಿ ಕ್ಷೌರದ ಕತ್ತಿ ನಿಜವಾಗಿ ನೆಲೆಯೂರಿದ್ದು ಕಬ್ಬಿಣದ ಜೊತೆಗೆ ಎಂದೇ ನನಗೆ ತೋರುತ್ತದೆ. ಮಸೆದು ಮಸೆದು ಮತ್ತೆ ಬಳಸಬಹುದಾದ ಅಂಚು ಕಲ್ಲಿಗಿಲ್ಲ. ಮಸೆಗಲ್ಲು, ಚರ್ಮದ ಪಟ್ಟಿ, ಕತ್ತಿ, ಇವು ಸೇರಿದಾಗಲೇ ಕ್ಷೌರವು ಕಲಿತು ಮಾಡುವ ಕಸುಬಾಗುತ್ತದೆ.

ಮಸ್ಕಿಯ ಇನ್ನೊಂದು ಸಾಕ್ಷಿ ಅಲಗಿನ ರೂಪದಲ್ಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇಲ್ಲಿ ಅಶೋಕನ ಬಂಡೆ ಶಾಸನವನ್ನು ಕಂಡರು. ಅದುವರೆಗೆ ‘ದೇವಾನಾಂಪ್ರಿಯ’ ಎಂದಷ್ಟೇ ಗೊತ್ತಿದ್ದ ದೊರೆಯ ಸ್ವಂತ ಹೆಸರು ಅದರಲ್ಲಿ ಸಿಕ್ಕಿದ್ದರಿಂದ ಮಸ್ಕಿ ಪ್ರಸಿದ್ಧವಾಯಿತು. ಆ ಶಾಸನದಲ್ಲಿ ಅಶೋಕ ತನ್ನನ್ನು ಬುದ್ಧನ ಅನುಯಾಯಿ ಎಂದು ಹೇಳಿಕೊಳ್ಳುತ್ತಾನೆ. ಬೌದ್ಧ ಭಿಕ್ಷುವಿಗೆ ಇರಬಹುದಾದ ಎಂಟು ವಸ್ತುಗಳಲ್ಲಿ ಕ್ಷೌರದ ಕತ್ತಿಯೂ ಒಂದು, ಭಿಕ್ಷಾಪಾತ್ರೆ, ಸೂಜಿ, ನೀರು ಸೋಸುವ ಬಟ್ಟೆಗಳ ಸಾಲಿಗೆ ಸೇರಿದ್ದು. ಶಾಕ್ಯರ ಮನೆಗಳ ಕ್ಷೌರಿಕನಾಗಿದ್ದ ಉಪಾಲಿ ಸಂಘ ಸೇರಿ ವಿನಯ ನಿಯಮಗಳಲ್ಲಿ ಎಲ್ಲರಿಗಿಂತ ಬಲ್ಲವನೆಂದು ಹೆಸರಾದ. ಸಾಧನೆ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವನೂ ಪ್ರಯತ್ನದಿಂದ ಅದನ್ನು ಪಡೆಯಬಲ್ಲ ಎಂಬುದು ಮಸ್ಕಿಯ ಬಂಡೆಯ ಮೇಲಿನ ಮಾತಿನ ತಾತ್ಪರ್ಯ. ಉಪಾಲಿಯ ಕತೆ ಬಲ್ಲವರಿಗೆ ಆ ಮಾತು ಬರಿಯ ಉಪದೇಶವಾಗಿ ಕೇಳುವುದಿಲ್ಲ.

ಶಬ್ದದ ಬೇರು: ಮೂರು ವಾದ

ಮೊದಲನೆಯದು ಸಂಸ್ಕೃತ ಮೂಲದ ವಾದ. ‘ಕ್ಷುರ’ ಋಗ್ವೇದದಷ್ಟು ಹಳೆಯ ಶಬ್ದ. ಗಾಳಿಯ ಜೊತೆಗೂಡಿ ಕಾಡನ್ನು ಸುಟ್ಟು ಸವರುವ ಬೆಂಕಿಯನ್ನು ಗಡ್ಡ ಬೋಳಿಸುವವನಿಗೆ ಹೋಲಿಸಿದ್ದು ಆ ವೇದದ ಹತ್ತನೆಯ ಮಂಡಲದಲ್ಲಿದೆ. ಗ್ರೀಕಿನ ‘ಕ್ಸುರೋನ್’ ಇದರ ದಾಯಾದಿ, ಎರಡೂ ಒಂದೇ ಇಂಡೋ-ಯುರೋಪಿಯನ್ ಬೇರಿನವು. ಸಿಂಧನೂರಿನ ಬಂಗಾಳಿಗಳ ‘ಖುರ್’ ಇದೇ ಕ್ಷುರ. ನಮ್ಮ ‘ಚೂರಿ’ಯೂ ಪ್ರಾಕೃತದ ದಾರಿಯಲ್ಲಿ ಬಂದ ಅದೇ ಕುಟುಂಬದ್ದೆಂದು ಹೇಳುವವರಿದ್ದಾರೆ. ಕ್ಷುರದಿಂದ ಕ್ಷೌರ, ಕ್ಷೌರದಿಂದ ಕನ್ನಡದ ಚೌರ, ತಮಿಳಿನ ಸವರಂ. ಚೌಲ, ಕೇಶಾಂತ ಮುಂತಾದ ಸಂಸ್ಕಾರಗಳ ಜೊತೆಗೆ ಈ ಶಬ್ದ ದಕ್ಷಿಣಕ್ಕೆ ಬಂತು ಎಂಬುದು ಈ ಪಂಥದ ವಿವರಣೆ. ಕ್ರಿಯೆಯ ಹೆಸರು ಏಕೆ ಸಂಸ್ಕೃತದ್ದಾಗಿದೆ ಎಂಬುದನ್ನು ಇದು ಚೆನ್ನಾಗಿ ತಿಳಿಸುತ್ತದೆ.

ಎರಡನೆಯದು ದ್ರಾವಿಡ ಮೂಲದ ವಾದ. ‘ಕತ್ತಿ’ ದಕ್ಷಿಣದ ಭಾಷೆಗಳಲ್ಲೆಲ್ಲ ಹರಡಿರುವ ನಮ್ಮದೇ ಶಬ್ದ. ಕೆಲಸಕ್ಕೂ ನಮ್ಮವೇ ಮಾತುಗಳಿವೆ: ಹೆರೆ, ಬೋಳಿಸು, ತೆಲುಗಿನಲ್ಲಿ ಗೊರುಗು. ಕೊಬ್ಬರಿಯನ್ನು ಹೆರೆಯುವ ಮಾತೇ ತಲೆಗೂ ಸಲ್ಲುತ್ತದೆ. ಇಂಗ್ಲಿಷಿನ ‘ರೇಜರ್’ ಕೂಡ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಹೆರೆ, ಕೆರೆ’ ಎಂಬ ಅರ್ಥದ ಧಾತುವಿನಿಂದಲೇ ಬಂದದ್ದು. ಈ ಪಂಥದವರ ಪ್ರಕಾರ ಸಂಸ್ಕೃತ ಶಬ್ದ ಬರುವ ಮೊದಲೂ ಇಲ್ಲಿಯವರು ತಲೆ ಬೋಳಿಸುತ್ತಿದ್ದರು, ಆದರೆ ಅದಕ್ಕಾಗಿ ಪ್ರತ್ಯೇಕ ಕತ್ತಿಗೆ ಪ್ರತ್ಯೇಕ ಹೆಸರು ಬೇಕಾಗಿರಲಿಲ್ಲ.

ಮೂರನೆಯದು ಈ ಭಾಗದವರು ಮರೆಯಬಾರದ ವಾದ, ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಬಹಮನಿಗಳಿಂದ ಹಿಡಿದು ಬಿಜಾಪುರದ ಆದಿಲಶಾಹಿ, ಮುಂದೆ 1948ರ ತನಕ ಹೈದರಾಬಾದಿನ ನಿಜಾಮರು, ಹೀಗೆ ಶತಮಾನಗಳ ಕಾಲ ಈ ನಾಡಿನ ಕಚೇರಿ ಮತ್ತು ಪೇಟೆಗಳಲ್ಲಿ ಪಾರಸಿ, ಉರ್ದು ಓಡಾಡಿದವು. ಲಿಂಗಸುಗೂರು 1905ರವರೆಗೆ ನಿಜಾಮರ ಒಂದು ಜಿಲ್ಲೆಯ ಕೇಂದ್ರವೇ ಆಗಿತ್ತು. ಪಾರಸಿಯ ‘ಉಸ್ತುರಾ’ ಮರಾಠಿಗೆ ‘ವಸ್ತರಾ’ ಆಗಿ ಹೋಯಿತು, ದಖನಿಯಲ್ಲಿ ಉಸ್ತರಾ ಆಗಿ ಉಳಿಯಿತು. ಅರಬಿ ಮೂಲದ ‘ಹಜಾಮತ್’ ಕನ್ನಡದಲ್ಲಿ ಹಜಾಮತಿಯಾಯಿತು. ಸಂಸ್ಕಾರದ ಜೊತೆ ಕ್ಷೌರ ಬಂತು ಎನ್ನುವುದಾದರೆ, ಪೇಟೆಯಲ್ಲಿ ಅಂಗಡಿ ಹಾಕಿ ದುಡ್ಡಿಗೆ ಮಾಡುವ ಕ್ಷೌರದ ಜೊತೆ ಉಸ್ತರಾ, ಹಜಾಮತಿ ಬಂದವು ಎಂದು ನಾನು ತಿಳಿಯುತ್ತೇನೆ. ಈ ಭಾಗದ ಮಾತಿನಲ್ಲಿ ಮೂರೂ ಪದರಗಳು ಒಂದರ ಮೇಲೊಂದು ಕೂತಿವೆ. ಒಂದನ್ನೇ ಮೂಲವೆಂದು ಹಿಡಿಯುವ ಹಟದಿಂದ ಏನೂ ದಕ್ಕುವುದಿಲ್ಲ.

ನುಡಿಗಟ್ಟುಗಳ ಮಾತು ಬೇರೆ. ಕಠೋಪನಿಷತ್ತಿನಲ್ಲಿ ಕ್ಷುರದ ಅಂಚು ಜ್ಞಾನದ ದುರ್ಗಮ ದಾರಿಗೆ ಉಪಮೆ. ಬಳಕೆಯ ಕನ್ನಡದಲ್ಲಿ ‘ತಲೆ ಬೋಳಿಸಿದ’ ಎಂದರೆ ಮೋಸ ಮಾಡಿದ. ಉರ್ದುವಿನಲ್ಲೂ ಹಜಾಮತಿಗೆ ಸುಲಿಗೆಯ ಅರ್ಥವಿದೆ. ಕೆಲಸವಿಲ್ಲದ ಮಂಗಲಿ ಬೆಕ್ಕಿನ ತಲೆ ಬೋಳಿಸಿದ ಎಂಬ ತೆಲುಗು ಗಾದೆಯನ್ನು ಕ್ಯಾಂಪುಗಳಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ವೀರಗಲ್ಲಿನ ಮೇಲೆ ಯೋಧನ ಕೈಯಲ್ಲಿರುವುದೂ ಕತ್ತಿಯೇ, ಕಟ್ಟೆಯ ಮೇಲೆ ಗಿರಾಕಿಯ ಎದುರು ಕೂತವನ ಕೈಯಲ್ಲಿರುವುದೂ ಕತ್ತಿಯೇ. ಶಬ್ದ ಒಂದೇ ಆದರೂ ಒಬ್ಬನಿಗೆ ಅದು ಕೀರ್ತಿ ತಂದಿತು, ಇನ್ನೊಬ್ಬನಿಗೆ ಗಾದೆಮಾತಿನ ಗೇಲಿ ತಂದಿತು.

ಹಿಡಿದ ಕೈಗೆ ಇಟ್ಟ ಹೆಸರು

ಈಗ ಆ ಇನ್ನೊಬ್ಬನ ಹೆಸರುಗಳಿಗೆ ಬರೋಣ. ಸಂಸ್ಕೃತದ ‘ನಾಪಿತ’ ಪಾಲಿಯಲ್ಲಿ ‘ನಹಾಪಿತ’. ಸ್ನಾನ ಮಾಡಿಸುವವನು ಎಂಬುದು ಅದರ ಮೂಲಾರ್ಥ. ಮರಾಠಿಯ ನ್ಹಾವಿ, ಕನ್ನಡದ ನಾವಿ, ನಾವಿದ, ನಾಯಿಂದ ಎಲ್ಲ ಅದರ ಮಕ್ಕಳು. ಅರಬಿಯ ‘ಹಜ್ಜಾಮ್’ ಎಂದರೆ ಕೊಂಬು ಹಚ್ಚಿ ಕೆಟ್ಟ ರಕ್ತ ತೆಗೆಯುವ ಚಿಕಿತ್ಸಕ. ‘ಕೆಲಸಿ’ ಎಂದರೆ ಕೆಲಸದವನು, ಅಷ್ಟೆ. ‘ಭಂಡಾರಿ’ ಭಂಡಾರಕ್ಕೆ ಸಂಬಂಧಿಸಿದ್ದು. ತೆಲುಗಿನ ‘ಮಂಗಲಿ’ ಮಂಗಳವನ್ನು ನೆನಪಿಸುತ್ತದೆ. ‘ಭಜಂತ್ರಿ’ ವಾದ್ಯ ನುಡಿಸುವವನು, ಮದುವೆಯ ಮಂಗಳವಾದ್ಯ ಈ ಸಮುದಾಯದ ಇನ್ನೊಂದು ಕಸುಬು. ತಮಿಳಿನ ‘ಮರುತ್ತುವರ್’ ಎಂದರೆ ವೈದ್ಯರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಕನ್ನಡಿ ಕಾಯಕದ ಅಮ್ಮಿದೇವಯ್ಯ, ಕನ್ನಡಿ ಕಾಯಕದ ರೇವಮ್ಮ ಇದ್ದಾರೆ. ಕನ್ನಡಿ ಕಾಯಕವೆಂದರೆ ಕ್ಷೌರವೇ ಎಂದು ಅರ್ಥೈಸುವವರಿದ್ದಾರೆ. ಹಾಗೆ ಒಪ್ಪಿದರೆ ಅಲ್ಲಿಯೂ ಹೆಸರಿಗೆ ಬಂದದ್ದು ಕನ್ನಡಿ. ಇಂಗ್ಲಿಷಿನ ‘ಬಾರ್ಬರ್’ ಕೂಡ ಲ್ಯಾಟಿನ್ನಿನ ಗಡ್ಡ ಎಂಬ ಮಾತಿನಿಂದ ಬಂದದ್ದು.

ನೀರು, ರಕ್ತ, ಕೆಲಸ, ಭಂಡಾರ, ಮಂಗಳ, ವಾದ್ಯ, ಮದ್ದು, ಕನ್ನಡಿ ಎಲ್ಲ ಬಂದವು. ಕತ್ತಿಯನ್ನು ನೇರವಾಗಿ ಹೇಳುವುದು ‘ಕ್ಷೌರಿಕ’ ಒಂದೇ, ಅದೂ ಪುಸ್ತಕದ ಮಾತು. ಕೆಲಸದ ಹೆಸರನ್ನೂ ಮರೆಸುವ ವಾಡಿಕೆಯಿತ್ತು. ಮಡಿವಂತರ ಮನೆಗಳಲ್ಲಿ ಕ್ಷೌರಕ್ಕೆ ‘ಆಯುಷ್ಕರ್ಮ’ ಎನ್ನುತ್ತಿದ್ದರು.

ಇದನ್ನು ಎರಡು ಬಗೆಯಾಗಿ ಓದಬಹುದು. ಅಂಚಿಗೆ ಹೆದರಿದ ಜನ ಅದರ ಹೆಸರೆತ್ತದೆ ಶುಭದ ಮಾತು ಹುಡುಕಿದರು ಎಂಬುದು ಒಂದು ಓದು. ಇವರ ಕೆಲಸ ಕತ್ತಿಯೊಂದರಲ್ಲೇ ಮುಗಿಯುತ್ತಿರಲಿಲ್ಲ ಎಂಬುದು ಇನ್ನೊಂದು. ಕುರು ಕೊಯ್ಯುವುದು, ಕೊಂಬು ಹಚ್ಚುವುದು, ಮುಸ್ಲಿಮರ ಮನೆಯಲ್ಲಿ ಸುನ್ನತಿ ಮಾಡುವುದು, ಮದುವೆಯಲ್ಲಿ ವಾದ್ಯ ನುಡಿಸುವುದು, ಮದುಮಗನ ಉಗುರು ತೆಗೆಯುವುದು, ಮಗುವಿನ ಜವಳದಲ್ಲಿ ಸೋದರಮಾವ ಮೊದಲ ಎಸಳು ಕತ್ತರಿಸಿದ ಮೇಲೆ ಉಳಿದದ್ದನ್ನು ಬೋಳಿಸುವುದು, ಸಾವಿನ ಮನೆಯಲ್ಲಿ ಕರ್ಮ ಹಿಡಿದವನ ತಲೆ ತೆಗೆಯುವುದು, ಇವೆಲ್ಲ ಅವರ ಪಾಲಿನವು. ನನ್ನ ಒಲವು ಎರಡನೆಯ ಓದಿನ ಕಡೆಗೆ. ಇಷ್ಟು ವಿದ್ಯೆಗಳ ಒಡೆತನವಿದ್ದವರನ್ನು ಬರಿಯ ‘ಕೂದಲು ತೆಗೆಯುವವರು’ ಎಂದು ಕುಗ್ಗಿಸಿದ್ದು ಈಚಿನ ಕಾಲ. ಆಸ್ಪತ್ರೆ ಬಂದು ಮದ್ದು ಹೋಯಿತು, ಬ್ಯಾಂಡು ಬಂದು ವಾದ್ಯ ಹೋಯಿತು, ಉಳಿದದ್ದು ಕತ್ತಿ ಮಾತ್ರ.

‘ಹಜಾಮ’ ಎಂಬ ಮಾತು ಕೆಟ್ಟದ್ದೂ ಇದೇ ಹಾದಿಯಲ್ಲಿ. ಚಿಕಿತ್ಸಕನ ಹೆಸರಾಗಿ ಬಂದದ್ದು ಬಯ್ಗುಳವಾಯಿತು. ಆ ಬಯ್ಗುಳದ ಬಳಕೆ ನಿಲ್ಲಬೇಕೆಂದು ಸಮುದಾಯದ ಸಂಘಟನೆಗಳು ಒತ್ತಾಯಿಸುತ್ತ ಬಂದಿವೆ. ಶಬ್ದದ ಮೂಲಾರ್ಥ ಒಳ್ಳೆಯದೇ ಅಲ್ಲವೇ ಎಂದು ಕೇಳುವ ಪಂಡಿತರಿದ್ದಾರೆ. ನಿಘಂಟಿನಲ್ಲಿ ಅರ್ಥ ಏನಿದ್ದರೂ ಸಂತೆಯ ನಡುವೆ ಆ ಮಾತು ಕೇಳಿ ತಲೆ ತಗ್ಗಿಸಬೇಕಾದವನ ಅನುಭವ ಅದಕ್ಕಿಂತ ದೊಡ್ಡದು. ಈ ವಿಷಯದಲ್ಲಿ ನಾನು ಸಂಘಟನೆಗಳ ಪರ.

ಸಮುದಾಯಕ್ಕೆ ‘ಸವಿತಾ’ ಎಂಬ ಹೆಸರು ಬಂದದ್ದು ಈ ನೋವಿನ ಹಿನ್ನೆಲೆಯಲ್ಲಿ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ಅನುಯಾಯಿಗಳು ಇದನ್ನು ಸಂಸ್ಕೃತೀಕರಣದ, ಅಂದರೆ ಮೇಲುಜಾತಿಯ ರೀತಿನೀತಿ ಅನುಸರಿಸಿ ಮೇಲೇರುವ ಯತ್ನದ, ಉದಾಹರಣೆ ಎಂದುಬಿಡುತ್ತಾರೆ. ಆದರೆ ಒಂದು ಸಂಗತಿ ಗಮನಿಸಬೇಕು. ಅಥರ್ವವೇದದ ಆರನೆಯ ಕಾಂಡದಲ್ಲಿ ಕ್ಷೌರಕ್ಕೆ ಸಂಬಂಧಿಸಿದ ಒಂದು ಸೂಕ್ತವಿದೆ. ಅದರಲ್ಲಿ ಕ್ಷುರ ಹಿಡಿದು ಬರುವವನು ಸವಿತೃ ದೇವತೆ, ಬಿಸಿನೀರು ತರುವವನು ವಾಯು. ಹೀಗಾಗಿ ಹೊಸದೆಂದು ತೋರುವ ಈ ಹೆಸರು ಉಳಿದ ಹಳೆಯ ಹೆಸರುಗಳಿಗಿಂತ ಕತ್ತಿಗೆ ಹತ್ತಿರವಾದದ್ದು, ಕತ್ತಿಯನ್ನು ದೇವರ ಕೈಯಲ್ಲಿಟ್ಟು ನೋಡಿದ್ದು. ಸವಿತಾ ಮಹರ್ಷಿ ಜಯಂತಿಯನ್ನು ರಾಜ್ಯ ಸರ್ಕಾರ ರಥಸಪ್ತಮಿಯಂದು ಆಚರಿಸುತ್ತದೆ. ಸವಿತೃ ಎಂದರೆ ಸೂರ್ಯ, ಹಾಗಾಗಿ ಸೂರ್ಯನ ಆ ದಿನ ಒಪ್ಪುವ ಆಯ್ಕೆ.

ಹಡಪದ ಪ್ರಶ್ನೆ

ಉತ್ತರ ಕರ್ನಾಟಕದಲ್ಲಿ, ವಿಶೇಷವಾಗಿ ಲಿಂಗಾಯತ ಸಂಪ್ರದಾಯದ ಕ್ಷೌರಿಕರು ತಮ್ಮನ್ನು ಹಡಪದರೆಂದು ಕರೆದುಕೊಳ್ಳುತ್ತಾರೆ. ಬಸವಣ್ಣನ ಬಲಗೈಯಂತಿದ್ದ ಶರಣ ಹಡಪದ ಅಪ್ಪಣ್ಣ ಅವರ ಮೂಲಪುರುಷ. ಅಪ್ಪಣ್ಣನೂ ವಚನಕಾರ, ಅವನ ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ಅಪ್ಪಣ್ಣನ ಹೆಸರಿನ ಪೀಠವಿದೆ.

ಹಡಪ ಎಂದರೆ ಎಲೆಯಡಿಕೆಯ ಚೀಲ. ಚರ್ಚೆ ಶುರುವಾಗುವುದು ಇಲ್ಲಿಂದ. ಅಪ್ಪಣ್ಣ ಬಸವಣ್ಣನಿಗೆ ತಾಂಬೂಲ ಕೊಡುವ ಆಪ್ತನಾಗಿದ್ದ, ಕ್ಷೌರಕ್ಕೂ ಅವನಿಗೂ ನಂಟು ಬೆಸೆದದ್ದು ಆಮೇಲೆ ಎನ್ನುತ್ತದೆ ಒಂದು ಪಂಥ. ಅದಕ್ಕೆ ಬಲವಾದ ಆಧಾರವೂ ಇದೆ. ಕನ್ನಡ ಶಾಸನಗಳಲ್ಲಿ ‘ಹಡಪವಳ’ ಎಂಬುದು ದೊರೆಯ ನಂಬಿಕೆಯ ಅಧಿಕಾರಿಯ ಹುದ್ದೆ. ವಿಷ ಬೆರೆಯದಂತೆ ಕಾಯಬೇಕಾದ ಎಲೆಯಡಿಕೆಯನ್ನು ಕಂಡಕಂಡವರ ಕೈಗೆ ಕೊಡುವಂತಿರಲಿಲ್ಲ. ವಿಜಯನಗರದಲ್ಲೂ ಈ ಹುದ್ದೆಗೆ ಭಾರಿ ಮಾನವಿತ್ತು. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಸೇನಾನಾಯಕರ ಪಟ್ಟಿಯಲ್ಲಿ ಪೋರ್ಚುಗೀಸ್ ವರ್ತಕ ಫೆರ್ನಾವ್ ನೂನಿಜ್ ಒಬ್ಬ ‘ಅಡಪ ನಾಯಕ’ನನ್ನು ಹೆಸರಿಸುತ್ತಾನೆ.

ಕ್ಷೌರಿಕನ ಸಾಮಾನಿನ ಚೀಲಕ್ಕೂ ಹಡಪ ಎನ್ನುತ್ತಿದ್ದರು, ಅಪ್ಪಣ್ಣನ ಕಾಯಕ ಕ್ಷೌರವೇ ಎನ್ನುತ್ತದೆ ಇನ್ನೊಂದು ಪಂಥ. ಕಾಯಕಗಳಲ್ಲಿ ಮೇಲುಕೀಳಿಲ್ಲ ಎಂದ ಚಳವಳಿಯಲ್ಲಿ ಕ್ಷೌರಿಕನೊಬ್ಬ ಬಸವಣ್ಣನ ಅತ್ಯಂತ ಆಪ್ತನಾಗಿದ್ದರೆ ಅದರಲ್ಲಿ ಅಚ್ಚರಿಯೇನಿದೆ ಎಂದು ಅವರು ಕೇಳುತ್ತಾರೆ. ಮೂರನೆಯ ನಿಲುವೂ ಸಾಧ್ಯ. ರಾಜರ ಅಂತಃಪುರದಲ್ಲಿ ಸ್ನಾನ, ಕ್ಷೌರ, ತಾಂಬೂಲ ಎಲ್ಲವೂ ಮೈಗೆ ಹತ್ತಿರದ ಸೇವೆಗಳು. ಒಂದನ್ನು ಮಾಡಿದವರ ಮನೆತನ ಇನ್ನೊಂದನ್ನೂ ಮಾಡಿರಬಹುದು. ಮೂಲ ಅರ್ಥದಲ್ಲಿ ನಾಪಿತ ಸ್ನಾನ ಮಾಡಿಸುವವನು ಎಂಬುದನ್ನು ನೆನೆದರೆ ಈ ಮೂರನೆಯದು ನನಗೆ ಹೆಚ್ಚು ಸಂಭವನೀಯವಾಗಿ ಕಾಣುತ್ತದೆ.

ಅಧಿಕಾರದ ಹತ್ತಿರ ನಿಂತ ಕ್ಷೌರಿಕರ ನಿಚ್ಚಳ ದಾಖಲೆ ಬೇಕಿದ್ದರೆ ಹದಿನಾರನೆಯ ಶತಮಾನಕ್ಕೆ ಬರಬೇಕು. ಸದಾಶಿವರಾಯನ ಆಳ್ವಿಕೆಯಲ್ಲಿ ಅಳಿಯ ರಾಮರಾಯನಿಗೆ ಕ್ಷೌರ ಮಾಡಿ ಮೆಚ್ಚಿಸಿದ ಕೊಂಡೋಜ ತನಗಾಗಿ ಊರನ್ನೋ ಹೊನ್ನನ್ನೋ ಬೇಡಲಿಲ್ಲ, ತನ್ನ ಕುಲದವರೆಲ್ಲರ ತೆರಿಗೆ ಮನ್ನಾ ಮಾಡಿಸಿದ. ಆ ವಿನಾಯಿತಿಯನ್ನು ಸಾರುವ ಶಾಸನಗಳು ಕನ್ನಡ ನಾಡಿನ ಹಲವೆಡೆ ಸಿಕ್ಕಿವೆ. ಕಸುಬಿನ ಸಂಘಟಿತ ಹಕ್ಕಿನ ಇಷ್ಟು ಹಳೆಯ, ಇಷ್ಟು ಸ್ಪಷ್ಟವಾದ ದಾಖಲೆ ಇರುವಾಗ ಶಾಲಾ ಪಠ್ಯಗಳಲ್ಲಿ ಕೊಂಡೋಜನಿಗೆ ಒಂದು ಪುಟ ಸಿಗಬೇಕಿತ್ತು.

ಕಳಂಕ ಎಲ್ಲಿಂದ ಬಂತು

ಇಷ್ಟು ಆಪ್ತ ಸೇವೆ ಮಾಡಿದವರು ಶ್ರೇಣಿಯಲ್ಲಿ ಕೆಳಗೆ ಬಿದ್ದದ್ದೇಕೆ ಎಂಬುದಕ್ಕೆ ನಾಲ್ಕು ದೊಡ್ಡ ವಿವರಣೆಗಳಿವೆ.

ಫ್ರಾನ್ಸಿನ ಲೂಯಿ ದುಮೋಂ 1966ರ ತಮ್ಮ ಗ್ರಂಥದಲ್ಲಿ ಜಾತಿಯನ್ನೆಲ್ಲ ಮಡಿ-ಮೈಲಿಗೆಯ ಎದುರುಬದುರಿನಲ್ಲಿ ವಿವರಿಸಿದರು. ಕತ್ತರಿಸಿದ ಕೂದಲು, ಉಗುರು ಮೈಲಿಗೆ. ಇತರರ ಮೈಲಿಗೆ ತೆಗೆಯುವವನು ತಾನೇ ಅದನ್ನು ಹೊರುತ್ತಾನೆ. ಕ್ಷೌರ ಮಾಡಿಸಿಕೊಂಡು ಬಂದವರನ್ನು ಸ್ನಾನವಾಗುವವರೆಗೆ ಒಳಗೆ ಬಿಡದ ನಮ್ಮ ಮನೆಗಳ ಪದ್ಧತಿಯನ್ನು ಇದು ವಿವರಿಸುತ್ತದೆ. ಆದರೆ ಅದೇ ಕ್ಷೌರಿಕ ಮದುವೆಗೆ ಏಕೆ ಬೇಕೇ ಬೇಕು ಎಂಬುದನ್ನು ವಿವರಿಸುವುದಿಲ್ಲ.

ಅದನ್ನು ವಿವರಿಸಿದವರು ಎ. ಎಂ. ಹೋಕಾರ್ಟ್. 1938ರಲ್ಲಿ ಫ್ರೆಂಚಿನಲ್ಲಿ ಮೊದಲು ಪ್ರಕಟವಾದ ಪುಸ್ತಕದಲ್ಲಿ ಅವರು, ಕ್ಷೌರಿಕ ಮತ್ತು ಅಗಸರನ್ನು ಕುಶಲಕರ್ಮಿಗಳೆಂದು ನೋಡುವುದೇ ತಪ್ಪು, ಅವರು ಕೆಳ ಶ್ರೇಣಿಯಲ್ಲಿಟ್ಟ ಪುರೋಹಿತರು ಎಂದು ವಾದಿಸಿದರು. ಜವಳ, ಮದುವೆ, ಸಾವು ಮೂರಕ್ಕೂ ಕತ್ತಿ ಬೇಕು ಎಂಬುದನ್ನು ಬಲ್ಲ ನಮ್ಮ ಹಳ್ಳಿಯವರಿಗೆ ಈ ಮಾತು ಹೊಸದಾಗಿ ಕೇಳುವುದಿಲ್ಲ.

ಮೂರನೆಯದು ಆರ್ಥಿಕ ವಿವರಣೆ. ವಿಲಿಯಂ ವೈಸರ್ 1936ರಲ್ಲಿ ಉತ್ತರ ಪ್ರದೇಶದ ಹಳ್ಳಿಯೊಂದನ್ನು ಇಟ್ಟುಕೊಂಡು ಜಜಮಾನಿ ಪದ್ಧತಿಯನ್ನು ವಿವರಿಸಿದರು. ನಮ್ಮಲ್ಲಿ ಅದು ಆಯಗಾರಿಕೆ. ಹನ್ನೆರಡು ಆಯಗಾರರಲ್ಲಿ ಕ್ಷೌರಿಕನೂ ಒಬ್ಬ. ವರ್ಷವಿಡೀ ಮನೆಮನೆಗೆ ಹೋಗಿ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳದ ರಾಶಿಯಿಂದ ಆಯ ಪಡೆಯಬೇಕು. ಕಾಳು ಅಳೆದು ಹಾಕುವ ಕೈ ಮೇಲೆ, ಸೆರಗೊಡ್ಡುವ ಕೈ ಕೆಳಗೆ. ಇಲ್ಲಿ ಕಳಂಕದ ಬೇರು ಕೂದಲಲ್ಲ, ಭೂಮಿ. ಸಿಂಧನೂರಿನಲ್ಲಿ ಇದಕ್ಕೆ ಒಂದು ಪರೀಕ್ಷೆಯೂ ನಡೆದಿದೆ ಎನ್ನಬಹುದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಜೋಳದ ನೆಲ ಭತ್ತದ ನೆಲವಾಯಿತು, ರೊಕ್ಕದ ವ್ಯವಹಾರ ಬೆಳೆಯಿತು, ಸಿಂಧನೂರು ದೊಡ್ಡ ಪೇಟೆಯಾಯಿತು. ಪೇಟೆಯಲ್ಲಿ ಕುರ್ಚಿ, ಕನ್ನಡಿ ಹಾಕಿ ಅಂಗಡಿ ಇಟ್ಟವನು ಯಾರ ಕಣಕ್ಕೂ ಹೋಗಬೇಕಿಲ್ಲ, ಗಿರಾಕಿಯೇ ಅವನ ಬಾಗಿಲಿಗೆ ಬಂದು ಸರದಿ ಕಾಯುತ್ತಾನೆ. ಆಯ ಹೋದಲ್ಲಿ ಅವಮಾನ ಎಷ್ಟೋ ಕಡಿಮೆಯಾಯಿತು. ಹಾಗೆಂದು ಪೂರ್ತಿ ಹೋಗಲಿಲ್ಲ. ಆರ್ಥಿಕ ವಿವರಣೆಯ ಮಿತಿ ಇದು.

ನಾಲ್ಕನೆಯದು ಅಂಬೇಡ್ಕರರ ಶ್ರೇಣೀಕೃತ ಅಸಮಾನತೆಯ ವಿವರಣೆ. ಪ್ರತಿಯೊಬ್ಬನ ಮೇಲೂ ಒಬ್ಬನಿದ್ದಾನೆ, ಕೆಳಗೂ ಒಬ್ಬನಿದ್ದಾನೆ. ಮೇಲಿನವನಿಂದ ಅವಮಾನ ತಿಂದವನು ಕೆಳಗಿನವನಿಗೆ ಅದನ್ನೇ ಕೊಡುತ್ತಾನೆ. ಮುಂದಿನ ಭಾಗಕ್ಕೆ ಈ ವಿವರಣೆಯಿಲ್ಲದೆ ದಾರಿಯಿಲ್ಲ.

ಕುರ್ಚಿ ಯಾರಿಗೆ

1948ರ ನವೆಂಬರ್ 29ರಂದು ಸಂವಿಧಾನ ಸಭೆ ಈಗ 15ನೆಯ ವಿಧಿಯಾಗಿರುವ ಭಾಗವನ್ನು ಚರ್ಚಿಸುತ್ತಿತ್ತು. ಅಂಗಡಿಗಳಿಗೆ ಪ್ರವೇಶದಲ್ಲಿ ಭೇದವಿರಬಾರದು ಎಂಬಲ್ಲಿ ಲಾಂಡ್ರಿ, ಕ್ಷೌರದಂಗಡಿಗಳೂ ಸೇರುತ್ತವೆಯೇ ಎಂದು ಮದ್ರಾಸ್ ಪ್ರಾಂತದ ಸದಸ್ಯ ಎಸ್. ನಾಗಪ್ಪ ಪ್ರಶ್ನೆ ಎತ್ತಿದರು. ‘ಅಂಗಡಿ’ ಎಂಬುದನ್ನು ಸೇವೆ ಒದಗಿಸುವ ಎಲ್ಲರಿಗೂ ಅನ್ವಯಿಸುವ ವಿಶಾಲ ಅರ್ಥದಲ್ಲಿ ಬಳಸಿದೆ ಎಂದು ಅಂಬೇಡ್ಕರ್ ವಿವರಿಸಿದರು. ದೇಶದ ಮೂಲಭೂತ ಹಕ್ಕುಗಳನ್ನು ಬರೆಯುವಾಗ ಕ್ಷೌರದ ಕುರ್ಚಿ ಚರ್ಚೆಗೆ ಬಂತು ಎಂಬುದೇ ಆ ಕುರ್ಚಿಯ ತೂಕ ಹೇಳುತ್ತದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು, 1955ರ ಕಾಯ್ದೆ ಸೇವೆ ನಿರಾಕರಣೆಯನ್ನು ಅಪರಾಧವೆಂದಿತು, 1989ರ ದೌರ್ಜನ್ಯ ತಡೆ ಕಾಯ್ದೆ ಕಾನೂನನ್ನು ಇನ್ನಷ್ಟು ಬಿಗಿಗೊಳಿಸಿತು.

ಆದರೂ ಕಲ್ಯಾಣ ಕರ್ನಾಟಕದ ಹಳ್ಳಿಗಳಿಂದ ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ನಿಂತಿಲ್ಲ. 2024ರಲ್ಲಿ ನೆರೆಯ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕಿನ ಹಳ್ಳಿಯೊಂದರಲ್ಲಿ ಕ್ಷೌರದ ವಿಷಯಕ್ಕೆ ಎದ್ದ ಜಗಳ ದಲಿತ ಯುವಕನೊಬ್ಬನ ಕೊಲೆಯಲ್ಲಿ ಮುಗಿಯಿತು. ಹಳ್ಳಿಯಲ್ಲಿ ಕುರ್ಚಿ ಸಿಗದವರು ಬಸ್ಸು ಹತ್ತಿ ತಾಲೂಕು ಕೇಂದ್ರಕ್ಕೆ ಬರುತ್ತಾರೆ. ಅಲ್ಲಿ ಜಾತಿ ಕೇಳುವವರಿಲ್ಲ, ರೊಕ್ಕ ಕೊಟ್ಟರೆ ಸಾಕು.

ಕೆಲವರು ಇದನ್ನು ಕ್ಷೌರಿಕರ ತಪ್ಪೆಂದು ಮಾತ್ರ ನೋಡುತ್ತಾರೆ. ಇನ್ನು ಕೆಲವರು, ಅವರದ್ದೂ ಹಿಂದುಳಿದ, ಭೂಮಿಯಿಲ್ಲದ ಸಣ್ಣ ಸಮುದಾಯ, ಒಂದೇ ಕತ್ತಿಯಿಂದ ದಲಿತರಿಗೂ ಮಾಡಿದರೆ ಊರಿನ ಪ್ರಬಲರು ಅಂಗಡಿಗೆ ಬರುವುದನ್ನೇ ಬಿಡುತ್ತಾರೆ ಎಂದು ಅವರ ಅಂಜಿಕೆಯನ್ನು ಮುಂದಿಡುತ್ತಾರೆ. ಅಂಜಿಕೆ ನಿಜ. ಮೀಸಲಾತಿ ಪಟ್ಟಿಯಲ್ಲಿ ಪ್ರವರ್ಗ 2ಎಗೆ ಸೇರಿದ ಈ ಸಮುದಾಯಕ್ಕೆ ಊರಿನಲ್ಲಿ ಆಳುಬಲವೂ ಇಲ್ಲ, ಹಣಬಲವೂ ಇಲ್ಲ. ಆದರೆ ಆ ಅಂಜಿಕೆಯ ಬೆಲೆ ತೆರುವವನು ಕುರ್ಚಿಯಿಂದ ಎದ್ದು ಹೋಗು ಎನಿಸಿಕೊಂಡವನು. ಬಹಿಷ್ಕಾರದ ಬೆದರಿಕೆ ಒಡ್ಡುವ ಪ್ರಬಲರನ್ನು ಬಿಟ್ಟು ಕತ್ತಿ ಹಿಡಿದವನೊಬ್ಬನ ಮೇಲೆ ಮೊಕದ್ದಮೆ ಹೂಡಿದರೆ ಅರ್ಧ ನ್ಯಾಯವಷ್ಟೇ ಆಗುತ್ತದೆ.

ಕತ್ತಿ ಕೆಳಗಿಟ್ಟು ನ್ಯಾಯ ಕೇಳಿದ ಚರಿತ್ರೆಯೂ ಇದೆ. 1890ರ ಸುಮಾರಿಗೆ ಜೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿಯ ಕ್ಷೌರಿಕರನ್ನು ಸಂಘಟಿಸಿ, ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ಮುಷ್ಕರ ಹೂಡಿಸಿದರು. ಆ ಕ್ರೌರ್ಯವನ್ನು ಕನ್ನಡದಲ್ಲಿ ಎಂ. ಕೆ. ಇಂದಿರಾ 1976ರ ‘ಫಣಿಯಮ್ಮ’ ಕಾದಂಬರಿಯಲ್ಲಿ ಹೆಣ್ಣಿನ ಕಡೆಯಿಂದ ಬರೆದರು. ಯಾರ ತಲೆ ಮುಟ್ಟುವುದಿಲ್ಲ ಎಂಬ ನಿರ್ಧಾರ ಒಂದು ಕಡೆ ಅನ್ಯಾಯವಾದರೆ ಇನ್ನೊಂದು ಕಡೆ ವಿಮೋಚನೆಯಾಗಿತ್ತು. ಕತ್ತಿ ಹಿಡಿದ ಕೈಗೆ ಅಷ್ಟು ಶಕ್ತಿ ಇತ್ತು.

ಬ್ಲೇಡು ಬಂದ ಮೇಲೆ

ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಬಿಸಾಡುವ ಬ್ಲೇಡಿನ ರೇಜರ್‌ಗೆ 1904ರಲ್ಲಿ ಪೇಟೆಂಟ್ ಪಡೆದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಚೀಲ ಸೇರಿದ ಮೇಲೆ ಅದು ಲೋಕವನ್ನೆಲ್ಲ ಸುತ್ತಿತು. ನಮ್ಮಲ್ಲಿ ಮನೆಯ ಗೂಡಿಗೆ ಟೋಪಾಜ್ ಬ್ಲೇಡಿನ ಪೊಟ್ಟಣ ಬಂದಾಗ ಗಂಡಸರು ತಮ್ಮ ಗಡ್ಡ ತಾವೇ ತೆಗೆಯತೊಡಗಿದರು. ಎಚ್‌ಐವಿ, ಹೆಪಟೈಟಿಸ್ ಬಿ ಬಗ್ಗೆ ಅರಿವು ಹರಡಿದಂತೆ ಅಂಗಡಿಗಳಲ್ಲೂ ಮಸೆಯುವ ಉಸ್ತರಾ ಹಿಂದೆ ಸರಿದು, ಅದೇ ಆಕಾರದ ಹಿಡಿಗೆ ಅರ್ಧ ಬ್ಲೇಡು ಸಿಗಿಸುವುದು ರೂಢಿಯಾಯಿತು. ಗಿರಾಕಿಯ ಕಣ್ಣೆದುರೇ ಹೊಸ ಬ್ಲೇಡು ಹಾಕುವುದು ಈಗ ಅಂಗಡಿಯ ಮರ್ಯಾದೆ. ಚರ್ಮದ ಪಟ್ಟಿ ಹೋಯಿತು, ಪಟಿಕದ ತುಂಡು ಉಳಿಯಿತು. ಹೀಗೆ ಪ್ರತಿಯೊಬ್ಬನಿಗೂ ಹೊಸ ಅಂಚು ಬಂದಾಗ ‘ಒಂದೇ ಕತ್ತಿ’ಯ ಮೈಲಿಗೆ ವಾದಕ್ಕೆ ಉಳಿದ ನೆಪವೂ ಹೋಯಿತು, ಆದರೂ ನಿರಾಕರಣೆ ಉಳಿಯಿತು. ವಿಷಯ ಕತ್ತಿಯದ್ದಾಗಿರಲೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಸುಬಿನ ಇಂದಿನ ಹರಹು ತಿಳಿಸುವ ಒಂದು ಅಂಕಿಯಿದೆ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿಗಳು ಮುಚ್ಚಿದಾಗ ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು.

ಇನ್ನೂ ಇತ್ಯರ್ಥವಾಗದ್ದು

ಮಸ್ಕಿ, ಪಿಕ್ಲಿಹಾಳಗಳ ಕಲ್ಲಲಗುಗಳಲ್ಲಿ ಯಾವುದಾದರೂ ಮನುಷ್ಯನ ಮೈ ಮುಟ್ಟಿತ್ತೇ ಎಂಬುದು ಸೂಕ್ಷ್ಮದರ್ಶಕಕ್ಕೂ ಕಷ್ಟದ ಪ್ರಶ್ನೆಯಾಗಿ ಉಳಿದಿದೆ. ಅಪ್ಪಣ್ಣನ ಹಡಪದಲ್ಲಿದ್ದದ್ದು ಎಲೆಯಡಿಕೆಯೋ ಕತ್ತಿಯೋ ಎರಡೂ ಇದ್ದವೋ ಎಂಬುದನ್ನು ವಚನಗಳನ್ನಷ್ಟೇ ಓದಿ ತೀರ್ಮಾನಿಸಲಾಗದು, ಚಾಲುಕ್ಯರ ಕಾಲದ ಶಾಸನಗಳ ಹಡಪವಳರನ್ನು ಒಬ್ಬೊಬ್ಬರನ್ನಾಗಿ ಮತ್ತೆ ನೋಡಬೇಕು. ಹಡಪದ, ಸವಿತಾ, ನಾವಿ, ಭಜಂತ್ರಿ ಎಂಬ ಹೆಸರುಗಳು ಒಂದೇ ಸಮಾಜದ ಬೇರೆ ಬೇರೆ ಕೊಂಬೆಗಳೋ ಬೇರೆ ಬೇರೆ ಸಮಾಜಗಳೋ ಎಂಬುದರಲ್ಲಿ ಸಮುದಾಯದೊಳಗೇ ಒಮ್ಮತವಿಲ್ಲ. ಲಿಂಗಾಯತ ಹಡಪದರು ತಮ್ಮ ಧಾರ್ಮಿಕ ಗುರುತನ್ನು ಬಿಟ್ಟುಕೊಡಲು ಒಪ್ಪರು, ಒಂದೇ ಹೆಸರಿನಡಿ ಸೇರದಿದ್ದರೆ ರಾಜಕೀಯ ದನಿಯೇ ಸಿಗದು ಎಂದು ಇತರರು ಹೇಳುತ್ತಾರೆ. ಎರಡೂ ಮಾತಿನಲ್ಲಿ ಹುರುಳಿದೆ.

ಪೇಟೆಯ ಸಲೂನುಗಳಲ್ಲಿ ಈಗ ಬೇರೆ ಜಾತಿಯವರೂ, ಉತ್ತರ ಭಾರತದಿಂದ ಬಂದ ಯುವಕರೂ ಕತ್ತರಿ ಹಿಡಿಯುತ್ತಿದ್ದಾರೆ, ಬಂಡವಾಳ ಹಾಕಿದವರು ಪಾರ್ಲರ್ ಸರಣಿಗಳನ್ನೇ ತೆರೆಯುತ್ತಿದ್ದಾರೆ. ಕಸುಬು ಜಾತಿಯಿಂದ ಬಿಡುಗಡೆ ಪಡೆಯುವುದು ಒಳ್ಳೆಯದೇ. ಆದರೆ ತಲೆಮಾರುಗಳಿಂದ ಅದರ ಅವಮಾನ ಹೊತ್ತವರು, ಅದರಲ್ಲಿ ಲಾಭ ಕಾಣಿಸಿಕೊಂಡ ಹೊತ್ತಿಗೆ, ಬೇರೆಯವರ ಅಂಗಡಿಯಲ್ಲಿ ಕೂಲಿಯಾಗುವರೇ ಅಥವಾ ಮಾಲೀಕರಾಗಿ ಉಳಿಯುವರೇ ಎಂಬುದಕ್ಕೆ ಉತ್ತರವಿಲ್ಲ. ಪೇಟೆಯಿಂದ ದೂರದ ಹಳ್ಳಿಗಳಲ್ಲಿ ಅಂಗಡಿ ನಡೆಸುವವನಿಗೆ ಎಲ್ಲರಿಗೂ ಕುರ್ಚಿ ಹಾಕುವ ಧೈರ್ಯ ಬರಬೇಕಾದರೆ ಪಂಚಾಯಿತಿ, ಪೊಲೀಸು, ಊರ ಹಿರಿಯರಲ್ಲಿ ಯಾರು ಮೊದಲು ಅವನ ಬೆನ್ನಿಗೆ ನಿಲ್ಲಬೇಕು ಎಂಬುದೂ ತೀರ್ಮಾನವಾಗಬೇಕಿದೆ.